ಉಗುಳಬಾರದ ಮನೆ

ನಮ್ಮ ಮನೆಯಲ್ಲಿ ಉಗುಳಬೇಕೆಂದರೆ ಗಂಡಸಾಗಿ ಹುಟ್ಟಿರಬೇಕಿತ್ತು. ಶಹಾಪುರದ ಹಳೇ ಪೇಟೆಯ ಆ ಮನೆಯ ಪಡಸಾಲೆಯಲ್ಲಿ, ಕಾಕಾ ಕೂಡುವ ಗಾದಿಯ ಬಲಕ್ಕೆ, ಒಂದು ಹಿತ್ತಾಳೆಯ ಪೀಕದಾನಿ ಸದಾ ಇರುತ್ತಿತ್ತು. ಕಾಕಾ ನನ್ನ ಅಪ್ಪನ ತಮ್ಮ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಮನೆಗೂ ಕಿರಾಣಿ ಅಂಗಡಿಗೂ ಅವನೇ ಯಜಮಾನ. ಎದ್ದಾಗಿನಿಂದ ಮಲಗುವವರೆಗೆ ಅವನ ಬಾಯಲ್ಲಿ ಎಲೆ ತಂಬಾಕು ತಿರುಗುತ್ತಲೇ ಇರುತ್ತಿತ್ತು. ಮಾತಿನ ನಡುವೆ ಕತ್ತು ಓರೆ ಮಾಡಿ ಪಿಚಕ್ಕನೆ ಉಗುಳಿ, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಶುರು ಮಾಡುತ್ತಿದ್ದ. ದಿನಾ ಸಂಜೆ ಆ ಪೀಕದಾನಿಯನ್ನು ಹಿತ್ತಲಿಗೆ ಒಯ್ದು, ಬೂದಿ ಹಾಕಿ ತಿಕ್ಕಿ ತರುವುದು ಅವನ ಹೆಂಡತಿ ಸಂಗವ್ವ ಕಾಕಿಯ ಕೆಲಸವಾಗಿತ್ತು. ಅದರ ತಳದಲ್ಲಿ ಜೋಲುತ್ತಿದ್ದ ಕೆಂಪು ಲೋಳೆ ನೆನಪಾದರೆ ಈ ವಯಸ್ಸಿನಲ್ಲೂ ಉಣ್ಣುವ ತಾಟನ್ನು ಸರಿಸಿಬಿಡುತ್ತೇನೆ. ಹೆಂಗಸರು ಮಾತ್ರ ಹೊಸ್ತಿಲ ಒಳಗೆ ಉಗುಳುವಂತಿರಲಿಲ್ಲ. ಹಲ್ಲು ತಿಕ್ಕಿದರೆ ದನದ ಕೊಟ್ಟಿಗೆಯ ಆಚೆ ಹೋಗಬೇಕು. ಊಟ ಮಾಡುವಾಗ ಕಲ್ಲು ಸಿಕ್ಕರೆ ಸೆರಗಿನಲ್ಲಿ ತೆಗೆದುಕೊಳ್ಳಬೇಕು. ಕೆಮ್ಮು ಬಂದರೆ ಕಫ ನುಂಗಬೇಕು. ಎಂಜಲು ಎಂದರೆ ಎಂಜಲು, ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಆಯಿ ಹೇಳುತ್ತಿದ್ದಳು. ಆಯಿ ನನ್ನ ಅಜ್ಜಿ. ಲಕ್ಷ್ಮಿಗೆ ಕಾಕಾನ ಪೀಕದಾನಿಯಿಂದ ಏನೂ ತೊಂದರೆ ಇದ್ದಂತಿರಲಿಲ್ಲ.

ಪಡಸಾಲೆ ದಾಟಿದರೆ ದೇವರ ಕೋಣೆ, ಅದಕ್ಕೆ ಅಂಟಿಕೊಂಡೇ ಕಿಟಕಿಯಿಲ್ಲದ ಇನ್ನೊಂದು ಕೋಣೆ. ಅದಕ್ಕೆ ಔಷಧದ ಕೋಣೆ ಎಂದು ಹೆಸರು. ಅಲ್ಲಿ ಜೋಳದ ಹೊಟ್ಟಿನ ರಾಶಿಯಲ್ಲಿ ಕುತ್ತಿಗೆವರೆಗೆ ಹೂತಿಟ್ಟ ಮಣ್ಣಿನ ಹರವಿಗಳು ಸಾಲಾಗಿ ಕೂತಿರುತ್ತಿದ್ದವು. ಆಯಿ ದ್ರಾಕ್ಷಿಯ ಆಸವ ಮಾಡುತ್ತಿದ್ದಳು. ಬಿಜಾಪುರದ ಕಡೆಯಿಂದ ಅಂಗಡಿಗೆ ಬರುತ್ತಿದ್ದ ಒಣದ್ರಾಕ್ಷಿಯಲ್ಲಿ ಮುದ್ದೆಗಟ್ಟಿದ್ದು, ಹುಳ ಬಿದ್ದದ್ದು, ಮಾರಾಟವಾಗದ್ದು ಎಲ್ಲ ಆ ಕೋಣೆಗೆ. ಅದನ್ನು ಕುದಿಸಿ, ಕರಿಬೆಲ್ಲ ಹಾಕಿ, ಲವಂಗ, ದಾಲ್ಚಿನ್ನಿ, ಧಾತಕಿಯ ಹೂವು ಸೇರಿಸಿ, ಒಳಗೆ ತುಪ್ಪ ಸವರಿದ ಹರವಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ ಮಣ್ಣು ಮೆತ್ತಿಬಿಟ್ಟರೆ ಅದು ಒಳಗೊಳಗೇ ಗುಳುಗುಳು ಎನ್ನುತ್ತ ತನ್ನಷ್ಟಕ್ಕೆ ಹುಳಿಯುತ್ತಿತ್ತು. ಬಾಣಂತಿಯರಿಗೆ, ರಕ್ತ ಕಡಿಮೆಯಾದವರಿಗೆ, ಹಸಿವು ಸತ್ತವರಿಗೆ ಅದು ಬೇಕು. ಗುರುಮಠಕಲ್ಲಿನಿಂದ ಸುರಪುರದವರೆಗೆ ಜನ ಬಾಟಲಿ ಹಿಡಿದು ಬರುತ್ತಿದ್ದರು. ಬಾಗಿಲು ತೆರೆದರೆ ಮೂಗಿಗೆ ಹೊಡೆಯುತ್ತಿದ್ದ ಆ ವಾಸನೆಯನ್ನು ಏನೆಂದು ಹೇಳಲಿ? ಸಿಹಿ ಕೊಳೆತರೆ ಬರುವ ವಾಸನೆ ಅದು. ಅರಿವೆ ಬಿಚ್ಚಿದರೆ ಮೇಲೆ ನೊರೆಯ ಕೆನೆ, ಕೆನೆಯಲ್ಲಿ ಸತ್ತ ನುಸಿಗಳು. ಆಯಿ ಅವನ್ನು ಬೆರಳಿಂದ ಬಳಿದು ತೆಗೆದು, ಅದೇ ಬೆರಳನ್ನು ಸೀರೆಗೆ ಒರೆಸಿ, ಆದಿತ್ಯವಾರದ ಬೆಳಗ್ಗೆ ನನ್ನನ್ನೂ ಅಣ್ಣನನ್ನೂ ಎದುರಿಗೆ ಕೂಡಿಸಿಕೊಂಡು ಒಂದೊಂದು ಚಮಚ ಬಾಯಿಗೆ ಸುರಿಯುತ್ತಿದ್ದಳು. ಅಣ್ಣ ಶರಣು ತುಟಿ ಚಪ್ಪರಿಸಿ ಇನ್ನೊಂದು ಕೇಳುತ್ತಿದ್ದ. ನಾನು ಮೂಗು ಹಿಡಿದು ನುಂಗಿ, ಹಿತ್ತಲಿಗೆ ಓಡಿ, ಬಂದಷ್ಟು ವಾಂತಿ ಮಾಡಿ ಬರುತ್ತಿದ್ದೆ. ಅಸಹ್ಯಪಡುವುದನ್ನು ನನಗೆ ಯಾರೂ ಬೇರೆ ಕಲಿಸಬೇಕಾಗಿರಲಿಲ್ಲ. ವಾರಕ್ಕೊಂದು ಚಮಚದ ಲೆಕ್ಕದಲ್ಲಿ ಅದು ನನ್ನೊಳಗೆ ಇಳಿಯುತ್ತಲೇ ಇತ್ತು.

ಇದೇ ಮನೆಯವರು ಊರಿನ ಸೇಂದಿ ಅಂಗಡಿಯ ಮುಂದೆ ಹಾಯುವಾಗ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಸೇಂದಿ ಕುಡಿದವನು ಅಂಗಡಿಗೆ ಬಂದರೆ ಕಾಕಾ ಅವನಿಗೆ ಉಪ್ಪು ಸಹ ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲಿಟ್ಟು ಸರಿಯುತ್ತಿದ್ದ. ನಮ್ಮದು ಲಿಂಗ ಕಟ್ಟಿದ ಮನೆ, ಕುಡಿತದ ಗಾಳಿ ಸೋಕಬಾರದು. ನಮ್ಮಲ್ಲಿ ಮಡಿ ಮೈಲಿಗೆ ಇಲ್ಲವೆಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುವುದೂ ಇತ್ತು. ಅದು ಪಡಸಾಲೆಯ ಮಾತು. ಔಷಧದ ಕೋಣೆಯೊಳಗೆ ಆಯಿ ಇಟ್ಟಿದ್ದ ಮಡಿಯನ್ನು ಯಾವ ಪುರೋಹಿತರ ಮನೆಯಲ್ಲೂ ನಾನು ಆಮೇಲೆ ಕಾಣಲಿಲ್ಲ. ತಲೆ ಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಒಳಗೆ ಹೋಗಬೇಕು. ಹೋದವರು ಕೆಲಸ ಮುಗಿಯುವವರೆಗೆ ಹೊರಗೆ ಬರಬಾರದು, ಬಂದರೆ ಮತ್ತೆ ನೀರು. ಒಳಗೆ ಯಾರದಾದರೂ ಎಂಜಲು ಬಿದ್ದರೆ ಅಷ್ಟೂ ಹರವಿ ಕೆಡುತ್ತವೆ, ಹಿತ್ತಲಿಗೆ ಚೆಲ್ಲುವುದೇ ಸರಿ.

ಆಸವಕ್ಕೆ ಒಂದು ಕಷ್ಟವಿದೆ. ಒಂದೇ ದಿನ ತುಂಬಿದ ಹರವಿಗಳೂ ಒಂದೇ ದಿನ ಹಣ್ಣಾಗುವುದಿಲ್ಲ. ಒಂದು ಬೇಗ ಆಗುತ್ತದೆ, ಒಂದು ತಡ ಮಾಡುತ್ತದೆ, ಆದದ್ದನ್ನು ಹಾಗೇ ಬಿಟ್ಟರೆ ಕುಡಿಯಲಾಗದ ಹುಳಿ ಸಿರಕಾ ಆಗಿ ಕೂಡುತ್ತದೆ. ಹಾಗಾಗಿ ಮಣ್ಣು ಬಿಡಿಸಿದ ಮೇಲೆ ದಿನಾ ಬೆಳಗ್ಗೆ ಪ್ರತಿ ಹರವಿಯದನ್ನೂ ನಾಲಿಗೆಗೆ ಹಾಕಿ ನೋಡಲೇಬೇಕು. ಅದೂ ಖಾಲಿ ಹೊಟ್ಟೆಯಲ್ಲಿ, ಬಾಯಲ್ಲಿ ಬೇರೆ ರುಚಿ ಇರಬಾರದು. ಆಯಿಯ ನಾಲಿಗೆ ವಯಸ್ಸಿಗೆ ಸತ್ತಿತ್ತು, ಕಾಕಾನದು ತಂಬಾಕಿಗೆ. ನಮ್ಮ ಅವ್ವ ವಿಧವೆ, ಔಷಧದ ಕೋಣೆಗೆ ಆಕೆ ಆಗದು. ಸಗರದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಸಂಗವ್ವ ಕಾಕಿ ಬಾಗಿಲಲ್ಲಿ ನಿಂತೇ, ಆ ಮೂಲೆಯದು ಹುಳಿ ಹೊಡೆಯಾಕತ್ತದ ನೋಡ್ರಿ ಎಂದಳಂತೆ. ತೆರೆದು ನೋಡಿದರೆ ಹೌದು. ಅಂದಿನಿಂದ ಆ ಕೆಲಸ ಆಕೆಯದಾಯಿತು. ಬೆಳಗಿನ ಜಾವ ಎದ್ದು, ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಕೋಣೆಗೆ ಹೋಗಿ, ಸೌಟಿನಿಂದ ಕೈಗೆ ಸುರಿದುಕೊಂಡು ಒಂದೊಂದಾಗಿ ರುಚಿ ನೋಡುವಳು. ಬಾಗಿಲಾಚೆ ಮಣೆ ಹಾಕಿಕೊಂಡು ಕೂತ ಆಯಿ ಒಂದೊಂದನ್ನೇ ಕೇಳುವಳು, ಕಾಕಿ ಒಳಗಿಂದ ಉತ್ತರ ಕೊಡುವಳು. ಎಷ್ಟು ಚಿಕ್ಕವಳಿದ್ದರೂ ನನಗೆ ಒಂದು ಮಾತು ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಬಹಳ ಸಲ ನಡೆಯಿತು.

"ಅತ್ತೀ, ಹೊಟ್ಟ್ಯಾಗ ಉರಿ ಹತ್ತಾಕತ್ತದ. ಇದೊಂದ ಹೊರಗ ಉಗುಳಿ ಬರ್ಲೇನ್ರಿ?"

"ಹುಚ್ಚಿ, ಬಾಯಾಗಿಟ್ಟ ಔಷಧ ಉಗುಳ್ತಾರನು? ಹೊರಗ ಬಂದ್ರ ಮತ್ತ ನೀರ ಹಾಕೋಬೇಕು. ನುಂಗು. ಔಷಧ ಅದ, ಯಾರಿಗೂ ಕೆಟ್ಟ ಮಾಡಿಲ್ಲ."

ಕಾಕಿ ನುಂಗಿದಳು. ಎಷ್ಟೋ ವರ್ಷ ದಿನಾ ಖಾಲಿ ಹೊಟ್ಟೆಗೆ ನುಂಗಿದಳು. ರೊಟ್ಟಿ ಬಡಿಯಲು ಕೂತಾಗ ಕಾಕಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ನಾನೂ ಅಣ್ಣನೂ ಆಕೆಯ ಪಕ್ಕದಲ್ಲೇ ಕೂಡುತ್ತಿದ್ದೆವು, ಏಕೆಂದರೆ ಬೆಳಗ್ಗೆ ನಗುವವರು ಆ ಮನೆಯಲ್ಲಿ ಆಕೆ ಒಬ್ಬಳೇ. ಹಾಡು ಹೇಳುವಳು, ಹಿಟ್ಟಿನಿಂದ ನಮ್ಮಿಬ್ಬರ ಮೂಗಿನ ಕೆಳಗೆ ಮೀಸೆ ಬರೆಯುವಳು, ಆಯಿಯ ನಡಿಗೆಯನ್ನು ಕೂತಲ್ಲೇ ಮಾಡಿ ತೋರಿಸುವಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಾಗಿ, ಯಾರಾದರೂ ಕರೆದರೆ ಕೇಳದಂತಾಗಿ, ಕಂಬಕ್ಕೆ ಒರಗಿ ನಿದ್ದೆ ಹೋಗುವಳು. ತವೆ ಮುಟ್ಟಿ ಕೈ ಸುಟ್ಟುಕೊಂಡರೆ ಆಕೆಗೆ ತಕ್ಷಣ ತಿಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಹರವಿಗಳು ಖಾಲಿಯಾಗಿ ಕೋಣೆಗೆ ಬೀಗ ಬಿದ್ದಾಗ ಆಕೆಯ ಕೈ ನಡುಗುತ್ತಿತ್ತು, ಮೈ ಬೆವರುತ್ತಿತ್ತು, ನಮ್ಮ ಮೇಲೆ ಸಿಡುಕುತ್ತಿದ್ದಳು. ಮಕ್ಕಳಾಗಲಿಲ್ಲವೆಂಬ ಚಿಂತೆ ಎಂದರು, ಗಾಳಿ ಎಂದರು, ತಾಯತ ಕಟ್ಟಿಸಿದರು. ಕೊನೆಗೆ ನಿಶ್ಶಕ್ತಿ ಎಂದು ತೀರ್ಮಾನಿಸಿ ಆಯಿಯೇ ಆಕೆಗೆ ಹಳೆಯ ಆಸವದ ಬಾಟಲಿಯಿಂದ ದಿನಾ ಒಂದು ಲೋಟ ಕೊಡತೊಡಗಿದಳು. ನಡುಕ ನಿಂತಿತು. ನೋಡ್ರಿ ನಮ್ಮ ಔಷಧದ ಗುಣ ಎಂದು ಆಯಿ ಓಣಿಗೆಲ್ಲ ಹೇಳಿಕೊಂಡು ಬಂದಳು.

ಶ್ರಾವಣದ ಒಂದು ಸೋಮವಾರ ಜಂಗಮರು ಪ್ರಸಾದಕ್ಕೆ ಬಂದಿದ್ದರು. ಪಡಸಾಲೆಯಲ್ಲಿ ಪಂಕ್ತಿ ಕೂತಿತ್ತು. ಕಾಕಿ ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತ ಬಂದವಳು ಹಿರಿಯ ಸ್ವಾಮಿಗಳ ಎಲೆಯ ಮುಂದೆ ತಡವರಿಸಿದಳು. ತುಪ್ಪದ ತಂಬಿಗೆ ಅವರ ತೊಡೆಯ ಮೇಲೆ ಬಿತ್ತು. ಬಿದ್ದದ್ದಕ್ಕೆ ಹೆದರಬೇಕಾದವಳು ನಕ್ಕಳು. ಒಮ್ಮೆ ಶುರುವಾದ ನಗು ನಿಲ್ಲಲಿಲ್ಲ, ಕಂಬ ಹಿಡಿದುಕೊಂಡು ನಕ್ಕಳು. ಸ್ವಾಮಿಗಳು ಎದ್ದು ಮೂಗು ಮುಚ್ಚಿಕೊಂಡು, ಈ ತಾಯಿ ಬಾಯಾಗ ಶರೆ ವಾಸನಿ ಬರಾಕತ್ತದಲ್ರಿ ಎಂದರು. ಪಂಕ್ತಿ ಅರ್ಧಕ್ಕೆ ಎದ್ದಿತು. ಬೀದಿ ಬಾಗಿಲು ಹಾಕಿ, ಆಯಿ ಕಾಕಿಯನ್ನು ನಡುಮನೆಯಲ್ಲಿ ನಿಲ್ಲಿಸಿಕೊಂಡಳು. ನಾನು ಅವ್ವನ ಸೀರೆ ಹಿಡಿದು ಅಲ್ಲೇ ನಿಂತಿದ್ದೆ.

"ಬಾಯಿ ತೆರಿ."

ಕಾಕಿ ತೆರೆದಳು. ಆಯಿ ಮೂಸಿ ಹಿಂದೆ ಸರಿದಳು.

"ಎಲ್ಲಿ ಕುಡದ್ಯಲೇ ರಂಡೆ?"

"ನೀವ ಕೊಟ್ಟದ್ದ ಅತ್ತೀ. ಮುಂಜಾನಿ ನೀವ ಕೊಟ್ಟೀರಿ. ನೀವ ನುಂಗು ಅಂದದ್ದು."

"ನಾ ಔಷಧ ಕೊಟ್ಟೀನಿ. ಊರೆಲ್ಲಾ ಕುಡೀತದ ಅದನ್ನ, ಯಾರು ಹಿಂಗ ಜೋಲಿ ಹೊಡದಾರ? ನೀ ಔಷಧದಾಗ ಶರೆ ಕಂಡಾಕಿ."

ಕಾಕಾ ಪಡಸಾಲೆಯ ಗಾದಿಯಲ್ಲೇ ಕೂತಿದ್ದ. ಬಾಯಲ್ಲಿ ಎಲೆಯಿತ್ತು. ಕತ್ತು ಓರೆ ಮಾಡಿ ಪೀಕದಾನಿಗೆ ಉಗುಳಿ, ಟ್ರಂಕು ತಾ ಎಂದ. ಮಧ್ಯಾಹ್ನದ ಬಸ್ಸಿಗೆ ಕಾಕಿಯನ್ನು ಸಗರಕ್ಕೆ, ತವರಿಗೆ ಒಯ್ದು ಬಿಟ್ಟು ಬಂದ. ಅವ್ವ ರೊಟ್ಟಿ ಕಟ್ಟಿ ಕೊಡಲು ಹೋದರೆ ಆಯಿ ಗಂಟನ್ನು ಕಸಿದುಕೊಂಡಳು. ಮುಂದಿನ ಬೇಸಗೆಗೆ ಕಾಕಾನಿಗೆ ಇನ್ನೊಂದು ಮದುವೆಯಾಯಿತು. ಆ ವರ್ಷ ರುಚಿ ನೋಡುವವರಿಲ್ಲದೆ ಹರವಿಗಳೆಲ್ಲ ಸಿರಕಾ ಆದವು. ಕುಡುಕಿಯ ಕಣ್ಣು ತಾಗಿತು ಎಂದು ಆಯಿ ಅದಕ್ಕೂ ಕಾಕಿಯ ಹೆಸರನ್ನೇ ಹಿಡಿದಳು. ಆಮೇಲೆ ಆ ಕೋಣೆಯಲ್ಲಿ ಆಸವ ಆಗಲಿಲ್ಲ. ಸಗರದಲ್ಲಿ ಕಾಕಿಗೆ ಕೆಲವು ದಿನ ಜ್ವರ ಬಂದು, ಮೈಯೆಲ್ಲ ನಡುಗಿ, ಅರಿಶಿನದ ನೀರು ಕುಡಿದು ಬದುಕಿದಳಂತೆ. ಮತ್ತೆ ಒಂದು ಹನಿ ಮುಟ್ಟಲಿಲ್ಲ. ಆದರೂ ಊರಲ್ಲಿ ಆಕೆಗೆ ಬೇರೆ ಹೆಸರು ಉಳಿಯಲಿಲ್ಲ, ಕುಡುಕಿ ಸಂಗವ್ವ ಎಂದೇ ಆಯಿತು. ನಾನು ಮದುವೆಯಾಗಿ ಸುರಪುರಕ್ಕೆ ಹೋಗಿ, ಅಲ್ಲೇ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತ, ಹೋಗಿ ಬರುವಾಗಲೆಲ್ಲ ಸಗರದಲ್ಲಿ ಇಳಿದು ಆಕೆಯನ್ನು ನೋಡುತ್ತಿದ್ದೆ. ಹೋದಾಗಲೆಲ್ಲ ಆಕೆ ಒಂದೇ ಮಾತು ಕೇಳುವಳು: ಆ ಮನೆಯಿಂದ ಯಾರಾದರೂ ಬಾ ಅಂದರೇನು? ಆಕೆಗೆ ಅಲ್ಲಿ ಇರಬೇಕಾಗಿರಲಿಲ್ಲ. ಒಮ್ಮೆ ಕರೆದು, ಕೂಡಿಸಿ, ಒಂದು ಹೊತ್ತು ಉಣ್ಣಲು ನೀಡಿದರೆ ಸಾಕಾಗಿತ್ತು. ಆಯಿ ಹೋದಳು, ಕಾಕಾ ಹೋದ, ಅವನ ಎರಡನೆಯ ಹೆಂಡತಿಯೂ ಮಕ್ಕಳಿಲ್ಲದೆ ಹೋದಳು, ಅವ್ವನೂ ಹೋದಳು, ಯಜಮಾನಿಕೆ ಅಣ್ಣನಿಗೆ ಬಂತು. ಕರೆ ಬರಲಿಲ್ಲ.

ಈಚೆಗೆ ಅಣ್ಣನ ಮಗಳು ವೀಣಾ ಗೋವಾದಲ್ಲಿ ನರ್ಸ್ ಕೆಲಸದಲ್ಲಿದ್ದಾಗ ಅಲ್ಲಿಯ ನೆಲ್ಸನ್ ಎಂಬ ಹುಡುಗನನ್ನು ಮದುವೆಯಾದಳು. ಅಣ್ಣ ಮೊದಲು ಸತ್ತೇ ಹೋಗುತ್ತೇನೆ ಎಂದ, ಆಮೇಲೆ ಮಾತು ಬಿಟ್ಟ, ಆಮೇಲೆ ಮೊಮ್ಮಗಳು ಹುಟ್ಟಿದ ಸುದ್ದಿ ಬಂದು ಮೆತ್ತಗಾದ. ಬೀಗರು ಮೊದಲ ಸಲ ಶಹಾಪುರಕ್ಕೆ ಬರುವುದೆಂದಾಯಿತು. ನೆಲ್ಸನ್‌ನ ಸೋದರಮಾವ ಪೋರ್ಚುಗಲ್ ದೇಶದಲ್ಲಿ ಮದುವೆಯಾಗಿ ಅಲ್ಲೇ ನೆಲೆಸಿದವನು. ಹೆಂಡತಿಯ ಮನೆಯವರದೇ ದ್ರಾಕ್ಷಿ ತೋಟ, ತಲೆಮಾರುಗಳಿಂದ ಅವರೇ ಹಿಂಡಿ ಅವರೇ ಬಾಟಲಿ ತುಂಬುವ ವೈನು. ಅವನೂ ಬರುವವನಿದ್ದ. ನಾನು ಅಣ್ಣನಿಗೆ ಫೋನು ಮಾಡಿದೆ.

"ಅಣ್ಣಾ, ಬೀಗರ ಊಟಕ್ಕ ಸಂಗವ್ವ ಕಾಕಿನ್ನೂ ಕರಸು. ವಯಸ್ಸಾಗ್ಯಾದ ಅಕಿಗೆ. ಮನ್ಯಾಗ ಹಿರೇರು ಅಂತ ಅಕಿ ಒಬ್ಬಾಕಿನ ಉಳದಾಳ."

"ಏ ನೀಲಾ, ನಿನ್ನ ತಲಿ ನೆಟ್ಟಗದಿಲ್ಲ? ಕುಡದು ಮನಿ ಬಿಟ್ಟಾಕಿನ್ನ ಬೀಗರ ಮುಂದ ಕೂಡ್ರಸಲೇನು? ಮರ್ಯಾದಿ ಬ್ಯಾಡನು ನಮಗ?"

ಬೀಗರು ಬಂದರು. ಪೋರ್ಚುಗಲ್ಲಿನ ಮಾವ ಹೊತ್ತು ತಂದ ಪೆಟ್ಟಿಗೆಯಿಂದ ಬಾಟಲಿಗಳನ್ನು ಒಂದೊಂದಾಗಿ ತೆಗೆದು, ಕಾಕಾನ ಗಾದಿ ಇದ್ದ ಜಾಗದಲ್ಲಿ ಈಗ ಹಾಕಿದ ಗಾಜಿನ ಟೀಪಾಯಿಯ ಮೇಲೆ ಸಾಲಾಗಿ ನಿಲ್ಲಿಸಿದ. ನಮ್ಮಲ್ಲಿ ಬೀಗರು ಮೊದಲ ಸಲ ತಮ್ಮ ಮನೆಯದನ್ನು ಏನು ತಂದರೂ ಮನೆಯ ಹಿರಿಯ ಅದನ್ನು ಅವರೆದುರೇ ಬಾಯಿಗೆ ಹಾಕಿಕೊಳ್ಳಬೇಕು, ಇಲ್ಲವೆಂದರೆ ಸಂಬಂಧವನ್ನೇ ಬೇಡವೆಂದಂತೆ. ತೊಗರಿ ತಂದರೆ ತೊಗರಿ, ಬೆಲ್ಲ ತಂದರೆ ಬೆಲ್ಲ. ಇವರು ವೈನು ತಂದಿದ್ದರು. ಅಣ್ಣ ಅಂಗಿಯ ಮೇಲಿಂದ ಎದೆಯ ಲಿಂಗವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಬೀಗರ ಪ್ರೀತಿ ಅಲ್ಲೇನ್ರಿ ಎಂದು ಕೂತ. ಅತ್ತಿಗೆ ದೇವರ ಕೋಣೆಯ ಬಾಗಿಲು ಎಳೆದುಕೊಂಡು ಬಂದಳು. ದೇವರು ನೋಡದಿದ್ದರೆ ಆಯಿತಲ್ಲ. ಗಾಜಿನ ಲೋಟ ಇರಲಿಲ್ಲವಾಗಿ ಸ್ಟೀಲಿನ ಚಿಕ್ಕ ಲೋಟಗಳು ಬಂದವು. ಮಾವ ಅವನ್ನು ನೋಡಿ ನಕ್ಕು, ಮತ್ತೆ ಒಂದು ಅಗಲ ಬಾಯಿಯ ಪಾತ್ರೆ ಕೇಳಿದ. ಅತ್ತಿಗೆ ಹಿಟ್ಟು ನಾದುವ ಬೋಗುಣಿ ತಂದಿಟ್ಟಳು. ಏಕೆಂದು ಯಾರಿಗೂ ತಿಳಿಯಲಿಲ್ಲ. ಮಾವ ಮೊದಲು ತಾನು ಒಂದು ಗುಟುಕು ಬಾಯಲ್ಲಿ ಹಾಕಿಕೊಂಡು, ಮುಕ್ಕಳಿಸಿದಂತೆ ಕೆನ್ನೆಯಿಂದ ಕೆನ್ನೆಗೆ ಆಡಿಸಿ, ಬಗ್ಗಿ ಬೋಗುಣಿಗೆ ಪಿಚಕ್ಕನೆ ಉಗುಳಿದ.

ಅತ್ತಿಗೆಯ ಮುಖ ನೋಡುವಂತಿರಲಿಲ್ಲ, ನಾಳೆ ರೊಟ್ಟಿಯ ಹಿಟ್ಟು ನಾದಬೇಕಾದ ಬೋಗುಣಿ ಅದು. ಮಾವ ಗೋವಾದ ಹಿಂದಿಯಲ್ಲಿ ನಮಗೆಲ್ಲ ತಿಳಿಯುವಂತೆ ಹೇಳಿದ.

"ನಿಗಲ್ನೇಕಾ ನಹೀ ಭಾಯಿಸಾಬ್. ಜಬಾನ್ ಪೆ ಘುಮಾವೋ, ಫಿರ್ ಥೂಕ್ ದೋ. ಹಮಾರೆ ಘರ್ ಮೇ ಚಖ್ನೇವಾಲೇ ಸಬ್ ಥೂಕ್ತೇ."

ವೀಣಾ ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ನುಂಗಬಾರದಂತ ಅಪ್ಪಾ. ರುಚಿ ನೋಡಿ ಉಗುಳಬೇಕಂತ. ಅವರ ತ್ವಾಟದಾಗ ರುಚಿ ನೋಡೋದು ಅವರತ್ತಿ ಕೆಲಸ ಅಂತ. ಅಕಿ ದಿನಾ ಹಿಂಗ ಉಗುಳ್ತಾಳಂತ. ಇಲ್ಲಂದ್ರ ನಿಶಾ ಏರಿ ಸಾಯ್ತಾಳಲ್ಲ ಅಂತಾರ."

ಅಣ್ಣ ಕೈ ಅಡ್ಡ ಮಾಡಿದ.

"ಥೂ ಥೂ. ಮನ್ಯಾಗ ಎಂಜಲಾ ಉಗುಳೋದನು? ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ ಬಿಡವ್ವಾ. ಬೀಗರು ಕೊಟ್ಟದ್ದು, ನುಂಗ್ತೀನಿ."

ಮೊದಲ ಬಾಟಲಿ ಬಿಳಿಯದು. ನಾನೂ ಒಂದು ಗುಟುಕು ತೆಗೆದುಕೊಂಡೆ, ಬೀಗರ ಮರ್ಯಾದೆಗೆ. ಹುಣಸೆಹಣ್ಣು ತೊಳೆದ ನೀರಿನಂತಿತ್ತು, ಹಲ್ಲು ಜುಮ್ಮೆಂದವು. ಎರಡನೆಯದು ಕೆಂಪು. ಅದು ನಾಲಿಗೆಯನ್ನು ಹಿಡಿದು ಹಿಂಡಿತು, ಜಾಲಿ ತೊಗಟೆ ಅಗಿದಂತೆ ಬಾಯಿ ಒಗರಾಯಿತು. ಇವು ಊಟದ ಜೊತೆ ಕುಡಿಯುವಂಥವು, ಇನ್ನು ಬರುವವು ಬೇರೆ ಜಾತಿ ಎಂದು ಮಾವ ಹೇಳಿದ. ರಸ ಹುಳಿಯುತ್ತಿರುವಾಗಲೇ ಅದಕ್ಕೆ ಬಿರುಸಾದ ಬ್ರಾಂಡಿ ಹಾಕಿ ಹುಳಿಯುವುದನ್ನು ನಿಲ್ಲಿಸುತ್ತಾರಂತೆ, ಆಗ ಸಿಹಿ ಸಿಹಿಯಾಗಿಯೇ ಉಳಿದು ನಿಶೆ ಮಾತ್ರ ಹೆಚ್ಚುತ್ತದಂತೆ. ಅವನು ತನ್ನ ಮನೆಯ ಕೆಲಸವನ್ನು ಬಹಳ ಪ್ರೀತಿಯಿಂದ ಹೇಳುತ್ತಿದ್ದ, ಪಾಪ, ಒಳ್ಳೆಯ ಮನುಷ್ಯ. ಅಣ್ಣ ಪ್ರತಿಯೊಂದನ್ನೂ ಲೋಟದ ತಳ ಕಾಣುವವರೆಗೆ ನುಂಗಿ, ಶೇಂಗಾ ಹೋಳಿಗೆ ಮುರಿದು ಬಾಯಿಗಿಟ್ಟು, ಮತ್ತೆ ಲೋಟ ಚಾಚುತ್ತಿದ್ದ. ಕಿವಿ ಕೆಂಪಾಗಿದ್ದವು. ಅಂಗಿಯ ಗುಂಡಿ ಬಿಚ್ಚಿಕೊಂಡಿದ್ದ. ಆಚೆಮನೆಯಿಂದ ಬಂದು ಕೂತಿದ್ದ ನಮ್ಮವರೆಲ್ಲರೂ ಹಾಗೆಯೇ, ಉಗುಳುವುದು ಹೇಸಿಗೆ ಎಂದು ಗಟಗಟ ನುಂಗುತ್ತಿದ್ದರು. ಬೋಗುಣಿಗೆ ಬಗ್ಗಿದವರು ಗೋವಾದವರು ಮಾತ್ರ. ಕುಡಿಯುವವರೆಂದು ನಾವು ಹೀಗಳೆದ ಜನ ನೆಟ್ಟಗೆ ಕೂತಿದ್ದರು, ಕುಡಿಯದ ಮನೆಯವರು ಜೋಲಿ ಹೊಡೆಯುತ್ತಿದ್ದರು.

ಆಮೇಲೆ ಕಂದು ಬಣ್ಣದ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು ಎಂದ ಸಿಹಿ ವೈನು ಬಂತು. ಲೋಟ ಮೂಗಿನ ಹತ್ತಿರ ಬಂದಾಗಲೇ ಕೈ ತಾನೇ ಮೂಗಿಗೆ ಹೋಯಿತು. ಬಾಯಲ್ಲಿ ಹಾಕಿಕೊಂಡೆ. ಒಣದ್ರಾಕ್ಷಿ, ಕರಿಬೆಲ್ಲ, ಲವಂಗ, ಕೊಳೆತ ಸಿಹಿ, ಗಂಟಲಿಗೆ ಬೆಂಕಿ. ಅದೇ. ಮಣ್ಣಿನ ಹರವಿಯದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ, ಸತ್ತ ನುಸಿ ಒಂದು ಇರಲಿಲ್ಲ ಅಷ್ಟೆ. ನಾನು ಬಾಯಿ ಮುಚ್ಚಿಕೊಂಡು ಕೂತಿರುವಾಗ ಅಣ್ಣ ತೊಡೆ ತಟ್ಟಿಕೊಂಡು ಕೂಗಿದ.

"ಏ! ಇದು ನಮ್ಮ ಆಯಿ ಔಷಧ! ನೀಲಾ, ನೋಡ, ಆಯಿ ಔಷಧ ಅಲ್ಲಿದು? ಬೀಗರೇ, ನಮ್ಮ ಮನ್ಯಾಗೂ ಇದನ್ನ ಮಾಡ್ತಿದ್ರು! ನಮ್ಮದೂ ಇದ ಖಾನ್ದಾನ!"

ಎಲ್ಲರೂ ನಕ್ಕರು. ಮಾವ ಎದ್ದು ಬಂದು ಅಣ್ಣನನ್ನು ಅಪ್ಪಿಕೊಂಡ. ಇಬ್ಬರೂ ಒಂದೇ ಕಸುಬಿನವರೆಂದು ಲೋಟಕ್ಕೆ ಲೋಟ ತಾಗಿಸಿದರು. ನಾನು ಅಣ್ಣನ ಮುಖವನ್ನೇ ನೋಡುತ್ತಿದ್ದೆ, ಕಾಕಿಯ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು. ನಾಲಿಗೆಗೆ ಗೊತ್ತಾದದ್ದು ತಲೆಗೂ ಗೊತ್ತಾಗಬೇಕಲ್ಲ. ಚಿಕ್ಕಂದಿನಲ್ಲಿ ಹಿಟ್ಟಿನ ಮೀಸೆ ಬರೆಸಿಕೊಂಡವನು ಅವನೂ ಹೌದಲ್ಲ. ಅವನು ಇನ್ನೊಂದು ಲೋಟ ತುಂಬಿಸಿಕೊಂಡ. ಬಾಯಲ್ಲಿದ್ದದ್ದನ್ನು ಒಂದು ಕೆನ್ನೆಗೆ ಒತ್ತಿಕೊಂಡು ಕೇಳಿದೆ.

"ಇದು ಔಷಧಾದ್ರ, ಕಾಕಿ ಕುಡದದ್ದೇನಣ್ಣಾ?"

ಅಣ್ಣನ ನಗು ನಿಂತಿತು. ಬೀಗರಿಗೆ ಮಾತು ತಿಳಿಯದಿದ್ದರೂ ಗಾಳಿ ಬದಲಾದದ್ದು ತಿಳಿಯಿತು.

"ಅದು ಬ್ಯಾರಿ, ಇದು ಬ್ಯಾರಿ. ಈಗ್ಯಾಕ ಆ ಮಾತು? ಸುಮ್ ನುಂಗಿ ಕೂಡು."

ನಾನು ಎದ್ದೆ. ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಣ್ಣನ ಮುಂದೆ ಹಿಡಿದು, ಎಲ್ಲರೂ ನೋಡುತ್ತಿರುವಾಗ ಅದರಲ್ಲಿ ಉಗುಳಿದೆ. ಗೋವಾದವರ ಉಗುಳಿನ ಮೇಲೆ ನನ್ನ ಉಗುಳು ಬಿತ್ತು. ಅತ್ತಿಗೆ ಶಿವಶಿವಾ ಎಂದಳು. ಮಾವ ಒಬ್ಬನೇ, ಇವಳಿಗೆ ಬರುತ್ತದೆ ನೋಡಿ ಎಂಬಂತೆ ಮೆಚ್ಚಿ ತಲೆಯಾಡಿಸಿದ. ನನಗೆ ಅವನ ಮೆಚ್ಚುಗೆ ಬೇಕಿರಲಿಲ್ಲ. ಆ ಪಡಸಾಲೆಯ ಮೇಲೆ, ಆ ಜನರ ಮೇಲೆ, ಒಳಗೆ ಸುರಿದುಕೊಂಡು ತುಟಿ ಒರೆಸಿಕೊಳ್ಳುವ ಅವರ ಮರ್ಯಾದೆಯ ಮೇಲೆ ನನಗೆ ಎಷ್ಟು ಹೇಸಿಗೆಯಾಗಿತ್ತೆಂದರೆ ಆ ರಾತ್ರಿ ಅಲ್ಲಿ ಉಣ್ಣದೆ ಸುರಪುರಕ್ಕೆ ಬಂದೆ.

ಮರುದಿನ ಬೀಗರೆಲ್ಲ ಬೋನಾಳ ಕೆರೆಯ ಹಕ್ಕಿ ನೋಡಲು ಹೋದರು. ವೀಣಾ ಕರೆದಳು, ನಾನು ಹೋಗದೆ ಸಗರಕ್ಕೆ ಹೋದೆ. ಕಾಕಿ ತನ್ನ ತವರಿನ ಅಣ್ಣನ ಮಗನ ಮನೆಯ ಪಕ್ಕದ ತಗಡಿನ ಕೋಣೆಯಲ್ಲಿ ಮೊರದ ಮುಂದೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಕಣ್ಣು ಮಂಜು, ಬೆರಳಿಗೆ ತಾಗಿದ ಕಲ್ಲನ್ನು ತೆಗೆದು ಪಕ್ಕಕ್ಕಿಡುವಳು. ನನ್ನ ದನಿ ಕೇಳಿ ಮೊರ ಸರಿಸಿದಳು.

"ಬೀಗರು ಬಂದಿದ್ರಂತಲ್ಲವ್ವಾ. ಶರಣು ಏನಾರ ಅಂದನನು?"

ಇಲ್ಲ ಎಂದೆ. ಆಕೆ ಹೂಂ ಎಂದಳು, ಮತ್ತೆ ಮೊರ ಎಳೆದುಕೊಂಡಳು. ಆ ಹೂಂ ಕೇಳಲಾರದೆ ನಾನು ನಡೆದದ್ದನ್ನೆಲ್ಲ ಹೇಳಿದೆ. ದ್ರಾಕ್ಷಿಯ ತೋಟದ ಮನೆಯವರು, ಬಾಟಲಿಗಳು, ಆಯಿಯ ಔಷಧದ ರುಚಿಯೇ ಬಂದದ್ದು, ಅಣ್ಣ ಕುಡಿದು ಕುಣಿದದ್ದು. ಆಕೆ ನಗುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಅದೆಲ್ಲ ಆಕೆಯ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಆ ದೇಶದ ಮನೆಯಲ್ಲಿ ರುಚಿ ನೋಡುವ ಹೆಂಗಸು ದಿನಾ ಉಗುಳುತ್ತಾಳೆ ಎಂಬಲ್ಲಿಗೆ ಬಂದಾಗ ಮಾತ್ರ ಬೇಳೆಯ ಮೇಲೆ ಆಡುತ್ತಿದ್ದ ಬೆರಳು ನಿಂತಿತು.

"ಉಗುಳ್ತಾಳ? ಮನಿ ಒಳಗ?"

"ಒಳಗ ಕಾಕಿ."

"ಯಾರೂ ಬೈಯಂಗಿಲ್ಲನು?"

"ಇಲ್ಲ ಕಾಕಿ. ಅದಕ್ಕಂತನ ಒಂದು ಭಾಂಡಿ ಇಟ್ಟಿರ್ತಾರ, ಬೋಗುಣಿಯಂಥಾದ್ದು."

ಕಾಕಿ ಬೆರಳಿಗೆ ಸಿಕ್ಕ ಕಲ್ಲೊಂದನ್ನು ಪಕ್ಕಕ್ಕಿಟ್ಟಳು. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಆಮೇಲೆ ಆಕೆ ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ಬಹಳ ಮೆಲ್ಲಗೆ ಹೇಳಿದಳು.

"ಒಂದು ಭಾಂಡಿ ಇಟ್ಟಿದ್ರ ಆಗ್ತಿತ್ತಲ್ಲವ್ವಾ."